ಕೈಯಲ್ಲಿರುವುದು ಆಬ್ಜೆಕ್ಟ್ ಅಲ್ಲ

ಜೆಎನ್‌ಐ ಅಂದರೆ ಜಾವಾ ಮತ್ತು ಸಿ, ಸಿ++ ಕೋಡ್ ಒಂದನ್ನೊಂದು ಕರೆಯುವ ಇಂಟರ್ಫೇಸ್. ಈ ಕೆಲಸಕ್ಕೆ ಹೊಸದಾಗಿ ಬಂದವರು ಒಂದು ಪ್ರಶ್ನೆಯನ್ನು ಕೇಳಿಯೇ ಕೇಳುತ್ತಾರೆ. "ಎರಡು ಜೆಆಬ್ಜೆಕ್ಟ್ ಒಂದೇನಾ ಅಂತ ತಿಳಿಯೋಕೆ ಇಸ್‌ಸೇಮ್‌ಆಬ್ಜೆಕ್ಟ್ ಅನ್ನೋ ಫಂಕ್ಷನ್ ಯಾಕೆ ಕರೀಬೇಕು? ಎರಡೂ ಪಾಯಿಂಟರ್ ತಾನೇ? ಈಕ್ವಲ್ ಈಕ್ವಲ್ ಹಾಕಿದರೆ ಆಯ್ತಲ್ವಾ?" ಜೆಆಬ್ಜೆಕ್ಟ್ ಅಂದರೆ ಜಾವಾ ಆಬ್ಜೆಕ್ಟನ್ನು ಗುರುತಿಸಲು ಸಿ ಕಡೆಗೆ ಸಿಗುವ ಹಿಡಿಕೆ, ಪಾಯಿಂಟರ್ ಅಂದರೆ ಮೆಮೊರಿಯ ವಿಳಾಸ. ಪ್ರಶ್ನೆಯಲ್ಲಿ ತಪ್ಪೇನಿಲ್ಲ. ಹೆಡರ್ ಫೈಲ್ ತೆಗೆದರೆ ಸಿ++ ಕಡೆ ಜೆಆಬ್ಜೆಕ್ಟ್ ಒಂದು ಖಾಲಿ ಕ್ಲಾಸಿನ ಪಾಯಿಂಟರ್. ಆಂಡ್ರಾಯ್ಡ್ ಹೆಡರ್‌ನ ಸಿ ಕಡೆಯಲ್ಲಂತೂ ಬರೀ ವಾಯ್ಡ್ ಸ್ಟಾರ್. ಟೈಪ್ ನೋಡಿದರೆ ಪಾಯಿಂಟರ್, ನಿಯಮ ನೋಡಿದರೆ ಪಾಯಿಂಟರ್ ಥರ ಬಳಸಬೇಡಿ. ಇದಕ್ಕೆ ತಂಡದ ಹಿರಿಯರು ಕೊಡುವ ಉತ್ತರ ಸಾಮಾನ್ಯವಾಗಿ ಒಂದೇ: "ಸ್ಪೆಕ್‌ನಲ್ಲಿ ಹಾಗೆ ಬರೆದಿದೆ." ನಿಜ, ಜೆಎನ್‌ಐ ನಿಯಮಗಳ ದಾಖಲೆಯಾದ ಸ್ಪೆಕ್‌ನಲ್ಲಿ ಬರೆದಿದೆ. ಆದರೆ ಆ ಉತ್ತರ ಕೇಳಿದವರು ತಲೆಯಾಡಿಸಿ ಹೋಗಿ ಮತ್ತೆ ಈಕ್ವಲ್ ಈಕ್ವಲ್ಲೇ ಹಾಕುತ್ತಾರೆ. ಯಾಕೆಂದರೆ ಅವರು ಓಡಿಸಿ ನೋಡಿದ ಸಂದರ್ಭದಲ್ಲಿ ಅದು ನಡೆಯುತ್ತದೆ. ಅಂದರೆ, ಇವತ್ತಿಗೆ ನಡೆಯುತ್ತದೆ.

ಈ "ಇವತ್ತಿಗೆ ನಡೆಯುತ್ತದೆ" ಅನ್ನೋದು ನನ್ನನ್ನು ತುಂಬಾ ದಿನದಿಂದ ಕಾಡುತ್ತಿದೆ. ಈ ನಿಯಮಗಳು ಕೋಡ್ ಬರೆಯುವ ನಮ್ಮ ಅನುಕೂಲಕ್ಕೆ ಮಾಡಿದವಲ್ಲ. ಜಾವಾ ಕೋಡನ್ನು ಓಡಿಸುವ ವಿಎಂ (ವರ್ಚುವಲ್ ಮಷೀನ್) ತನಗಾಗಿ ಉಳಿಸಿಕೊಂಡ ಜಾಗ ಅದು. ಆ ಜಾಗವನ್ನು ಇವತ್ತು ವಿಎಂ ಬಳಸುತ್ತಿಲ್ಲ ಎಂದಮಾತ್ರಕ್ಕೆ ಅದು ನಮ್ಮದಾಗುವುದಿಲ್ಲ.

ಐನೂರು ಚಿಲ್ಲರೆ ಪದಗಳ ನಂತರ

ಒಂದು ನಿಘಂಟು ಆ್ಯಪ್‌ನ ಹುಡುಕಾಟದ ಭಾಗ ನನ್ನ ಕೈಗೆ ಬಂದಿತ್ತು. ಕಂಪನಿಯ ಹೆಸರು ಬೇಡ. ಹುಡುಕಾಟದ ಎಂಜಿನ್ ಸಿ++ನಲ್ಲಿತ್ತು, ಬೇರೆ ಯಾರೋ ಬರೆದು ಬಿಟ್ಟುಹೋಗಿದ್ದು. ಜಾವಾ ಕಡೆಯಿಂದ ಪದಗಳ ಒಂದು ಅರೇ ಬರುತ್ತದೆ, ಎಂಜಿನ್ ಒಂದೊಂದೇ ಪದ ತೆಗೆದು ಸೂಚಿಗೆ ಸೇರಿಸುತ್ತದೆ. ಕೆಲಸ ಅಷ್ಟೇ. ಲ್ಯಾಪ್‌ಟಾಪ್‌ನ ಜೆವಿಎಂ ಮೇಲೆ ಟೆಸ್ಟ್‌ಗಳೆಲ್ಲ ಹಸಿರು. ಫೋನಿನಲ್ಲೂ ಚಿಕ್ಕ ಪಟ್ಟಿಗಳು ಸಲೀಸಾಗಿ ಹೋಗುತ್ತಿದ್ದವು. ಒಂದು ದಿನ ಟೆಸ್ಟಿಂಗ್ ಹುಡುಗ ಫೋನ್ ಹಿಡಿದುಕೊಂಡು ಬಂದ. "ಮೇಡಂ, 'ಕ' ಅಕ್ಷರದ ಪದಗಳನ್ನು ಲೋಡ್ ಮಾಡಿದರೆ ಸಾಯುತ್ತೆ. 'ಙ' ಆದರೆ ಏನೂ ಆಗಲ್ಲ." ಙಕಾರದಿಂದ ಶುರುವಾಗುವ ಪದ ಎಷ್ಟಿರುತ್ತವೆ ಅಂತ ಇಬ್ಬರೂ ನಕ್ಕೆವು. ಆದರೆ ಸುಳಿವು ಅಲ್ಲೇ ಇತ್ತು.

ಲಾಗ್ ತೆಗೆದರೆ ಒಂದು ಸಾಲು: ಲೋಕಲ್ ರೆಫರೆನ್ಸ್ ಟೇಬಲ್ ಓವರ್‌ಫ್ಲೋ, ಮ್ಯಾಕ್ಸ್ 512. ಕೆಳಗೆ ಟೇಬಲ್ಲಿನ ಕೊನೆಯ ಹತ್ತು ಎಂಟ್ರಿಗಳು, ಹತ್ತೂ ಸ್ಟ್ರಿಂಗ್. ಅದರ ಕೆಳಗೆ ಸಾರಾಂಶ: ಹೆಚ್ಚುಕಮ್ಮಿ ಎಲ್ಲವೂ ಸ್ಟ್ರಿಂಗ್, ಜೊತೆಗೆ ಒಂದೆರಡು ಬೇರೆ. ಹುಡುಗ ಪರದೆ ನೋಡಿ, "ಮೆಮೊರಿ ಲೀಕಾ ಮೇಡಂ? ಮೆಮೊರಿ ಬೇಕಾದಷ್ಟಿದೆಯಲ್ಲ" ಎಂದ. ಅವನು ಹೇಳಿದ್ದು ಸರಿ. ಕನ್ನಡದ ಒಂದು ಅಕ್ಷರ ಯುಟಿಎಫ್-8ರಲ್ಲಿ 3 ಬೈಟ್ ತಿನ್ನುತ್ತದೆ, ಗುಣಿತದ ಚಿಹ್ನೆ ಬಂದರೆ ಇನ್ನೊಂದು 3. ಹಾಗೆ ಲೆಕ್ಕ ಹಾಕಿದರೂ ಐನೂರು ಪದಗಳಿಗೆ ಕೆಲವು ಕಿಲೋಬೈಟ್ ಆಗಬಹುದು ಅಷ್ಟೇ. ತುಂಬಿದ್ದು ಮೆಮೊರಿ ಅಲ್ಲ, ಹೆಸರು ಬರೆದಿಡುವ ಪುಟ.

ಆಗಿದ್ದಿಷ್ಟು. ಅರೇಯಿಂದ ಒಂದು ಪದ ತೆಗೆದಾಗಲೆಲ್ಲ ವಿಎಂ ನಮಗೊಂದು ಲೋಕಲ್ ರೆಫರೆನ್ಸ್ ಕೊಡುತ್ತದೆ. ಆ ಥ್ರೆಡ್‌ನ (ಕೆಲಸದ ಎಳೆಯ) ಟೇಬಲ್ಲಿನಲ್ಲಿ ಒಂದು ಸಾಲು ಬರೆದುಕೊಳ್ಳುತ್ತದೆ: "ಈ ಆಬ್ಜೆಕ್ಟ್ ನೇಟಿವ್ ಕಡೆಯವರ ಕೈಯಲ್ಲಿದೆ, ಜಿಸಿ ಬಂದರೆ ಬಿಸಾಡಬೇಡ." ನೇಟಿವ್ ಅಂದರೆ ಸಿ, ಸಿ++ ಕಡೆ. ಜಿಸಿ ಅಂದರೆ ಬಳಕೆಯಲ್ಲಿಲ್ಲದ ಆಬ್ಜೆಕ್ಟ್‌ಗಳನ್ನು ಗುಡಿಸುವ ಗಾರ್ಬೇಜ್ ಕಲೆಕ್ಟರ್. ನೇಟಿವ್ ಮೆಥಡ್ ಜಾವಾಗೆ ಮರಳಿದಾಗ ಆ ಸಾಲುಗಳೆಲ್ಲ ಒಟ್ಟಿಗೆ ಹೋಗುತ್ತವೆ. ಮೆಥಡ್ ಒಳಗೆ ಹೋಗುವಾಗ ಟೇಬಲ್ಲಿನ ತುದಿ ಎಲ್ಲಿತ್ತು ಅಂತ ವಿಎಂ ಗುರುತಿಟ್ಟುಕೊಂಡಿರುತ್ತದೆ, ಹೊರಬರುವಾಗ ತುದಿಯನ್ನು ಅಲ್ಲಿಗೇ ಎಳೆದುಬಿಡುತ್ತದೆ. ತುಂಬಾ ಅಗ್ಗದ ಉಪಾಯ, ಚೆಂದದ ಉಪಾಯ ಕೂಡ. ಆದರೆ ನಮ್ಮ ಲೂಪ್ ಮರಳಿದರೆ ತಾನೇ? ಪದ ತೆಗೆದು, ಅಕ್ಷರ ಓದಿ, ಅಕ್ಷರದ ಬಫರ್ ವಾಪಸ್ ಕೊಟ್ಟು, ಮುಂದಿನ ಪದಕ್ಕೆ ಹೋಗುತ್ತಿತ್ತು. ಬಫರ್ ವಾಪಸ್ ಕೊಡುವುದು ಬೇರೆ, ಪದದ ರೆಫರೆನ್ಸ್ ವಾಪಸ್ ಕೊಡುವುದು ಬೇರೆ. ರೆಫರೆನ್ಸ್ ವಾಪಸ್ ಕೊಡುವ ಡಿಲೀಟ್‌ಲೋಕಲ್‌ರೆಫ್ ಒಂದು ಸಾಲು ಸೇರಿಸಿದ ಮೇಲೆ 'ಕ' ಬದುಕಿತು.

ನನಗೆ ಕುತೂಹಲ ಹುಟ್ಟಿಸಿದ್ದು ಲ್ಯಾಪ್‌ಟಾಪ್ ಯಾಕೆ ಸುಮ್ಮನಿತ್ತು ಅನ್ನೋದು. ಸ್ಪೆಕ್ ಮಾತು ಕೊಡುವುದು ಬರೀ 16 ಲೋಕಲ್ ರೆಫರೆನ್ಸ್‌ಗಳಿಗೆ. ಜಾಸ್ತಿ ಬೇಕಿದ್ದರೆ ಮೊದಲೇ ಕೇಳಬೇಕು, ಅದಕ್ಕೆ ಎನ್ಶೂರ್‌ಲೋಕಲ್‌ಕೆಪ್ಯಾಸಿಟಿ ಮತ್ತು ಪುಶ್‌ಲೋಕಲ್‌ಫ್ರೇಮ್ ಇವೆ. ಆದರೆ ಲ್ಯಾಪ್‌ಟಾಪ್‌ನಲ್ಲಿದ್ದ ಹಾಟ್‌ಸ್ಪಾಟ್ ಜೆವಿಎಂ ಧಾರಾಳಿ. ಅದು 32 ರೆಫರೆನ್ಸ್‌ಗಳ ಒಂದು ಬ್ಲಾಕ್ ಇಟ್ಟುಕೊಳ್ಳುತ್ತದೆ, ತುಂಬಿದರೆ ಇನ್ನೊಂದನ್ನು ಕೊಂಡಿ ಹಾಕಿಕೊಳ್ಳುತ್ತದೆ. ನೀವು ಲಕ್ಷ ಕೇಳಿದರೂ ಮಾತಾಡುವುದಿಲ್ಲ. ತಪ್ಪು ಹುಡುಕುವ ಎಕ್ಸ್‌ಚೆಕ್ ಜೆಎನ್‌ಐ ಆಯ್ಕೆ ಹಾಕಿ ಓಡಿಸಿದರೆ ಮಾತ್ರ ಗೊಣಗುತ್ತದೆ. ಆಂಡ್ರಾಯ್ಡ್ ಕೂಡ 8.0ರಿಂದ ತನ್ನ 512ರ ಮಿತಿಯನ್ನು ತೆಗೆದುಹಾಕಿತು. ಒಳ್ಳೆಯದೇ ಆಯಿತು ಅಂತ ಎಲ್ಲರೂ ಅಂದರು. ನನಗೆ ಆ 512 ಇಷ್ಟವಿತ್ತು. ಅದು ತಪ್ಪನ್ನು ತಪ್ಪು ನಡೆದ ಜಾಗದಲ್ಲೇ ಹಿಡಿಯುತ್ತಿತ್ತು. ಈಗ ಅದೇ ಲೂಪ್ ಸದ್ದಿಲ್ಲದೆ ಹತ್ತು ಸಾವಿರ ಸ್ಟ್ರಿಂಗ್‌ಗಳನ್ನು ಹಿಡಿದುಕೊಂಡು ಕೂರುತ್ತದೆ. ಜಿಸಿ ಅವನ್ನು ಮುಟ್ಟುವಂತಿಲ್ಲ, ಆ್ಯಪ್ ನಿಧಾನವಾಗುತ್ತದೆ, ಯಾಕೆ ಅಂತ ಯಾರಿಗೂ ಗೊತ್ತಾಗುವುದಿಲ್ಲ.

ಟೋಕನ್ ಯಾಕೆ ಬೇಕು

ನೇರವಾಗಿ ವಿಳಾಸವನ್ನೇ ಕೊಟ್ಟುಬಿಡಬಹುದಿತ್ತಲ್ಲ? ಜಾವಾ ಶುರುವಿನಲ್ಲಿ ಮಾಡಿದ್ದು ಹಾಗೇ. ಜೆಡಿಕೆ (ಜಾವಾ ಡೆವಲಪ್‌ಮೆಂಟ್ ಕಿಟ್) 1.0ರ ಹಳೆಯ ನೇಟಿವ್ ಇಂಟರ್ಫೇಸ್‌ನಲ್ಲಿ ಸಿ ಕೋಡ್ ಜಾವಾ ಆಬ್ಜೆಕ್ಟಿನ ಫೀಲ್ಡ್‌ಗಳನ್ನು ಸ್ಟ್ರಕ್ಟ್ ಥರ ನೇರವಾಗಿ ತೆರೆದು ನೋಡುತ್ತಿತ್ತು. ಇದರ ಬೆಲೆ ಎರಡು ಕಡೆ ಬಿತ್ತು. ಆಬ್ಜೆಕ್ಟ್ ಮೆಮೊರಿಯಲ್ಲಿ ಹೇಗೆ ಜೋಡಣೆಯಾಗಿರಬೇಕು ಅನ್ನೋದು ವಿಎಂನ ಸ್ವಂತ ವಿಷಯವಾಗಿ ಉಳಿಯಲಿಲ್ಲ. ಇನ್ನೊಂದು, ಸಿ ಸ್ಟ್ಯಾಕಿನಲ್ಲಿ ಯಾವ ಸಂಖ್ಯೆ ವಿಳಾಸ, ಯಾವುದು ಬರೀ ಸಂಖ್ಯೆ ಅಂತ ತಿಳಿಯದೆ ಜಿಸಿ ಎಲ್ಲವನ್ನೂ ಅನುಮಾನದಿಂದಲೇ ನೋಡಬೇಕಿತ್ತು. ವಿಳಾಸದ ಥರ ಕಂಡದ್ದನ್ನೆಲ್ಲ ಉಳಿಸಿಕೊಳ್ಳಬೇಕು, ಯಾವುದನ್ನೂ ಜರುಗಿಸುವಂತಿಲ್ಲ. ನೆಟ್‌ಸ್ಕೇಪ್ ಜೆಆರ್‌ಐ ಅಂತ ತನ್ನದೊಂದು ದಾರಿ ಮಾಡಿಕೊಂಡಿತು. ಮೈಕ್ರೋಸಾಫ್ಟ್ ಆರ್‌ಎನ್‌ಐ ಅಂತ ಇನ್ನೊಂದು. ಒಂದೇ ಲೈಬ್ರರಿಯನ್ನು ವಿಎಂಗೊಂದರಂತೆ ಬೇರೆ ಬೇರೆ ಬರೆಯಬೇಕಾಯಿತು. 1997ರಲ್ಲಿ ಜೆಡಿಕೆ 1.1ರ ಜೊತೆ ಜೆಎನ್‌ಐ ಬಂದಾಗ ನೇರ ವಿಳಾಸದ ಕಥೆಯನ್ನು ಅಲ್ಲಿಗೇ ಮುಗಿಸಿದರು. ನೇಟಿವ್ ಕೋಡಿಗೆ ಸಿಗುವುದು ಒಂದು ಹಿಡಿಕೆ ಮಾತ್ರ. ಅದರೊಳಗೆ ಏನಿದೆ ಅನ್ನೋದು ವಿಎಂಗೆ ಬಿಟ್ಟದ್ದು.

ದೇವಸ್ಥಾನದ ಮುಂದಿನ ಚಪ್ಪಲಿ ಸ್ಟ್ಯಾಂಡ್ ನೆನೆಸಿಕೊಳ್ಳಿ. ಚಪ್ಪಲಿ ಕೊಟ್ಟರೆ ಟೋಕನ್ ಕೊಡುತ್ತಾರೆ. ನೀವು ದರ್ಶನಕ್ಕೆ ಹೋದಾಗ ಅವರು ಚಪ್ಪಲಿಯನ್ನು ಮೇಲಿನ ಹಲಗೆಯಿಂದ ಕೆಳಗಿನದಕ್ಕೆ ಹಾಕಲಿ, ಬಿಡಲಿ, ನಿಮಗೇನು? ಟೋಕನ್ ತೋರಿಸಿದರೆ ಚಪ್ಪಲಿ ಬರುತ್ತದೆ. "ಎಡಗಡೆ ಮೂರನೇ ಹಲಗೆಯಲ್ಲಿ ಇಟ್ಟಿದ್ದೆ" ಅಂತ ನೆನಪಿಟ್ಟುಕೊಂಡು ನೀವೇ ಕೈಹಾಕಿದರೆ ಬೇರೆಯವರದ್ದು ಸಿಗಬಹುದು. ನಿನ್ನೆಯ ಟೋಕನ್ ಇವತ್ತು ತಂದರೂ ಅದೇ ಪಾಡು.

ಜಿಸಿ ಕೂಡ ಹಾಗೇ ಹಲಗೆ ಬದಲಿಸುತ್ತದೆ. ಸತ್ತ ಆಬ್ಜೆಕ್ಟ್‌ಗಳ ನಡುವೆ ಬದುಕಿರುವವು ಚದುರಿ ಕೂತಿದ್ದರೆ ದೊಡ್ಡ ಜಾಗ ಒಟ್ಟಿಗೆ ಸಿಗುವುದಿಲ್ಲ. ಹಾಗಾಗಿ ಬದುಕಿರುವುದನ್ನೆಲ್ಲ ಒಂದು ಕಡೆಗೆ ಸಾಗಿಸಿ, ಟೇಬಲ್ಲಿನ ಸಾಲಿನಲ್ಲಿ ಹೊಸ ವಿಳಾಸ ಬರೆದಿಡುತ್ತದೆ. ನಮ್ಮ ಕೈಯಲ್ಲಿರುವ ಸಂಖ್ಯೆ ಬದಲಾಗುವುದಿಲ್ಲ. ಇದರಿಂದ ಇನ್ನೊಂದು ಲಾಭವಿದೆ, ಅದರ ಬಗ್ಗೆ ಯಾರೂ ಜಾಸ್ತಿ ಮಾತಾಡುವುದಿಲ್ಲ. ನೇಟಿವ್ ಕೋಡಿನೊಳಗೆ ಇರುವ ಥ್ರೆಡ್‌ಗಾಗಿ ಜಿಸಿ ಕಾಯಬೇಕಾಗಿಲ್ಲ. ಅದರ ಕೈಯಲ್ಲಿ ನೇರ ವಿಳಾಸವೇ ಇಲ್ಲವಲ್ಲ, ಅದು ತನ್ನ ಪಾಡಿಗೆ ಲೆಕ್ಕ ಮಾಡುತ್ತಿರಲಿ, ಡಿಸ್ಕ್‌ಗಾಗಿ ಕಾಯುತ್ತಿರಲಿ. ಅದು ಜೆಎನ್‌ಐ ಮೂಲಕ ಹೀಪ್ (ಆಬ್ಜೆಕ್ಟ್‌ಗಳಿರುವ ಮೆಮೊರಿ) ಮುಟ್ಟಲು ಬಂದಾಗ ಅಥವಾ ಜಾವಾಗೆ ಮರಳುವಾಗ ಬಾಗಿಲಲ್ಲಿ ತಡೆದರೆ ಸಾಕು. ಒಂದು ನೇಟಿವ್ ಕರೆ ನಿಮಿಷಗಟ್ಟಲೆ ನಡೆದರೂ ಉಳಿದ ಆ್ಯಪ್ ನಿಲ್ಲದಿರುವುದು ಈ ಹಿಡಿಕೆಗಳ ದಯೆಯಿಂದ.

ಡಾಲ್ವಿಕ್‌ನ ಸಾಲ

ಇಷ್ಟೆಲ್ಲ 1997ರಲ್ಲೇ ತೀರ್ಮಾನವಾಗಿತ್ತು. ಆದರೂ 2008ರಲ್ಲಿ ಆಂಡ್ರಾಯ್ಡ್ ಬಂದಾಗ ಅದರ ಡಾಲ್ವಿಕ್ ವಿಎಂ ಲೋಕಲ್ ರೆಫರೆನ್ಸ್ ಎಂದು ಕೊಡುತ್ತಿದ್ದುದು ಆಬ್ಜೆಕ್ಟಿನ ನಿಜವಾದ ವಿಳಾಸವನ್ನೇ. ಅದರ ಜಿಸಿ ಯಾವುದನ್ನೂ ಜರುಗಿಸುತ್ತಿರಲಿಲ್ಲ. ಆಗಿನ ಫೋನ್‌ಗಳಿಗೆ ಪ್ರತಿ ಸಲ ಟೇಬಲ್ ನೋಡುವುದೂ ಭಾರವೇ. ಸ್ಪೆಕ್ ಪ್ರಕಾರ ಅದು ತಪ್ಪೂ ಅಲ್ಲ, ಹಿಡಿಕೆಯೊಳಗೆ ಏನಿರಬೇಕು ಅನ್ನೋದು ವಿಎಂ ಇಷ್ಟ ತಾನೇ. ಆದರೆ ಪರಿಣಾಮ ಏನಾಯಿತೆಂದರೆ, ಸ್ಪೆಕ್ ಮುರಿದ ಕೋಡ್ ಕೂಡ ನಡೆಯತೊಡಗಿತು. ಲೋಕಲ್ ರೆಫರೆನ್ಸನ್ನು ಕರೆ ಮುಗಿದರೂ ಉಳಿಯುವ ಸ್ಟ್ಯಾಟಿಕ್ ವೇರಿಯಬಲ್ಲಿನಲ್ಲಿ ಇಟ್ಟುಕೊಂಡರೂ ನಡೆಯಿತು. ಬೇರೆ ಥ್ರೆಡ್‌ಗೆ ದಾಟಿಸಿದರೂ ನಡೆಯಿತು. ಡಿಲೀಟ್ ಮಾಡಿದ ಮೇಲೆ ಬಳಸಿದರೂ ನಡೆಯಿತು. ಆಬ್ಜೆಕ್ಟನ್ನು ಇನ್ಯಾರಾದರೂ ಬದುಕಿಸಿಟ್ಟಿದ್ದರೆ ಸಾಕು, ವಿಳಾಸ ಅದೇ, ಕೆಲಸವೂ ಆಗುತ್ತಿತ್ತು. ಹೆಸರಿನಿಂದ ಕ್ಲಾಸ್ ಹುಡುಕುವ ಫೈಂಡ್‌ಕ್ಲಾಸ್ ಕೊಟ್ಟ ಕ್ಲಾಸ್ ಅಂತೂ ಅಷ್ಟು ಸುಲಭವಾಗಿ ಎಲ್ಲಿಗೂ ಹೋಗುವುದಿಲ್ಲ. ಹಾಗಾಗಿ ಆ ತಪ್ಪು ವರ್ಷಗಟ್ಟಲೆ ಬೆಚ್ಚಗೆ ಕೂತಿರುತ್ತಿತ್ತು.

2011ರ ಕೊನೆಗೆ ಆಂಡ್ರಾಯ್ಡ್ 4.0 ಬಂದಾಗ ಗೂಗಲ್‌ನವರು ಲೋಕಲ್ ರೆಫರೆನ್ಸ್‌ಗಳನ್ನೂ ಟೇಬಲ್ಲಿಗೆ ತಂದರು. ಆಗಲೂ ಡಾಲ್ವಿಕ್ ಜಿಸಿ ಏನನ್ನೂ ಜರುಗಿಸುತ್ತಿರಲಿಲ್ಲ. ಮುಂದೆ ಜರುಗಿಸಬೇಕೆಂಬ ಆಸೆ ಇತ್ತು, ಅದಕ್ಕೆ ನೆಲ ಸಿದ್ಧ ಮಾಡಿಕೊಂಡರು. ಸುಮ್ನೆ ಎಲ್ಲರ ಆ್ಯಪ್ ಮುರಿಯಬಾರದಲ್ಲ, ಅದಕ್ಕೊಂದು ಸಂಧಾನವೂ ಇತ್ತು. ಆ್ಯಪ್ ಯಾವ ಆಂಡ್ರಾಯ್ಡ್ ಆವೃತ್ತಿಗೆ ಬರೆದದ್ದು ಅಂತ ಹೇಳುವ ಟಾರ್ಗೆಟ್ ಎಸ್‌ಡಿಕೆ ಸಂಖ್ಯೆ 13 ಅಥವಾ ಕೆಳಗಿದ್ದರೆ ಹಳೇ ನಡವಳಿಕೆ, 14 ಆದರೆ ಹೊಸ ನಿಯಮ.

ನಮ್ಮ ಎಂಜಿನ್ನಿನ ಬಿಲ್ಡ್ ಫೈಲಿನಲ್ಲಿ ಟಾರ್ಗೆಟ್ 13 ಅಂತಲೇ ಇತ್ತು. ಪಕ್ಕದಲ್ಲೊಂದು ಕಾಮೆಂಟ್, "ಏರಿಸಬೇಡಿ" ಅನ್ನೋ ಅರ್ಥದ್ದು. ಕಾರಣ ಬರೆದಿರಲಿಲ್ಲ. ಕಾರಣ ಇಲ್ಲದ ಇಂಥ ಕಾಮೆಂಟ್‌ಗಳಿಗೆ ಕಚೇರಿಗಳಲ್ಲಿ ಒಂದು ಬಗೆಯ ದೈವಭಯ ಇರುತ್ತದೆ, ಯಾರೂ ಮುಟ್ಟುವುದಿಲ್ಲ. ಹೊಸ ಬಗೆಯ ಪರದೆಗಳು ಬೇಕು ಅಂತ ಮೇಲಿನವರು ಹಟ ಹಿಡಿದಾಗ ಏರಿಸಲೇಬೇಕಾಯಿತು. 14 ಎಂದು ಬರೆದು ಓಡಿಸಿದೆವು. ಆ್ಯಪ್ ತೆರೆಯಿತು, ಮೊದಲ ಹುಡುಕಾಟ ಸರಿ ಬಂತು. ಎರಡನೇ ಹುಡುಕಾಟಕ್ಕೆ ಬಿತ್ತು. ಲಾಗ್ ಹೇಳಿದ್ದು: ಸ್ಟೇಲ್ (ಹಳಸಿದ) ಲೋಕಲ್ ರೆಫರೆನ್ಸ್ ಬಳಸಿದ್ದೀರಿ, ಟೇಬಲ್ಲಿನ ಇಷ್ಟನೇ ಸಾಲು. ಮೊದಲನೆಯದು ಯಾಕೆ ಸರಿ ಬಂತು? ಮೊದಲ ಕರೆಯಲ್ಲಿ ಫೈಂಡ್‌ಕ್ಲಾಸ್ ಮಾಡಿ ಉತ್ತರವನ್ನು ಸ್ಟ್ಯಾಟಿಕ್‌ನಲ್ಲಿ ಇಟ್ಟಿದ್ದರು. ಆ ಕರೆ ಮುಗಿಯುವವರೆಗೆ ಆ ರೆಫರೆನ್ಸ್ ಜೀವಂತ. ಎರಡನೇ ಕರೆಗೆ ಅದು ನಿನ್ನೆಯ ಟೋಕನ್. ಕರೆ ಮುಗಿದರೂ ಉಳಿಯುವ ಗ್ಲೋಬಲ್ ರೆಫರೆನ್ಸ್ ಮಾಡಿಕೊಡುವ ನ್ಯೂಗ್ಲೋಬಲ್‌ರೆಫ್ ಅನ್ನೋ ಒಂದು ಕರೆ ಬಿಟ್ಟುಹೋಗಿತ್ತು. ಅದೇ ಕಡತದಲ್ಲಿ ಮೆಥಡ್ ಐಡಿ, ಫೀಲ್ಡ್ ಐಡಿಗಳನ್ನೂ ಹಾಗೇ ಸ್ಟ್ಯಾಟಿಕ್‌ನಲ್ಲಿ ಇಟ್ಟಿದ್ದರು. ಅವು ಸರಿಯಾಗಿದ್ದವು, ಯಾಕೆಂದರೆ ಅವು ಆಬ್ಜೆಕ್ಟ್ ರೆಫರೆನ್ಸ್‌ಗಳೇ ಅಲ್ಲ. ಕ್ಲಾಸ್ ಇಳಿಸಲ್ಪಡುವವರೆಗೆ ಬಾಳುತ್ತವೆ. ನೋಡೋಕೆ ಮೂರೂ ಒಂದೇ ಥರ, ಗುಣ ಬೇರೆ. ಬರೆದವರನ್ನು ಬೈಯುವುದಕ್ಕೆ ನನಗೆ ಮನಸ್ಸಾಗಲಿಲ್ಲ. ಅವರು ಬರೆದ ದಿನ ಅವರ ಫೋನಿನಲ್ಲಿ ಅದು ತಪ್ಪು ಅಂತ ಹೇಳುವವರು ಯಾರೂ ಇರಲಿಲ್ಲ.

ಲಾಗ್‌ಗೆ ಅದು ಹಳೆಯದು ಅಂತ ಗೊತ್ತಾಗುವ ಬಗೆ ಸೊಗಸಾಗಿದೆ. ಟೇಬಲ್ ಬಂದ ಆ ಆವೃತ್ತಿಯಲ್ಲಿ ಆಂಡ್ರಾಯ್ಡ್ ಕೊಡುತ್ತಿದ್ದ ರೆಫರೆನ್ಸ್ ಒಂದು ಸಂಖ್ಯೆ. ಅದರ ಕೊನೆಯ ಎರಡು ಬಿಟ್‌ಗಳು ಜಾತಿ ಹೇಳುತ್ತವೆ: 1 ಎಂದರೆ ಲೋಕಲ್, 2 ಗ್ಲೋಬಲ್, 3 ವೀಕ್ ಗ್ಲೋಬಲ್ (ಆಬ್ಜೆಕ್ಟನ್ನು ಬದುಕಿಸಿಡದ ಗ್ಲೋಬಲ್). ಇನ್ನುಳಿದ ಬಿಟ್‌ಗಳಲ್ಲಿ ಟೇಬಲ್ಲಿನ ಸಾಲಿನ ಸಂಖ್ಯೆ ಮತ್ತು ಒಂದು ಪುಟ್ಟ ಸರಣಿ ಸಂಖ್ಯೆ. ಒಂದು ಸಾಲನ್ನು ಮರುಬಳಕೆ ಮಾಡಿದಾಗಲೆಲ್ಲ ಸರಣಿ ಸಂಖ್ಯೆ ಒಂದು ಮುಂದೆ ಹೋಗುತ್ತದೆ. ಹಳೇ ಸಂಖ್ಯೆ ಹಿಡಿದು ಬಂದರೆ ಸಾಲು ತಾಳೆಯಾದರೂ ಸರಣಿ ತಾಳೆಯಾಗುವುದಿಲ್ಲ, ಸಿಕ್ಕಿಬೀಳುತ್ತದೆ. ಸರಣಿಗೆ ಇರುವ ಬಿಟ್‌ಗಳೇ ಕಡಿಮೆ, ಹಾಗಾಗಿ ಸುತ್ತು ಹೊಡೆದು ಅದೇ ಸಂಖ್ಯೆ ಮತ್ತೆ ಬಂದರೆ ತಪ್ಪಿಸಿಕೊಳ್ಳಲೂಬಹುದು. ಈಕ್ವಲ್ ಈಕ್ವಲ್ ಪ್ರಶ್ನೆಗೂ ಉತ್ತರ ಇಲ್ಲೇ ಇದೆ. ಒಂದೇ ಆಬ್ಜೆಕ್ಟಿಗೆ ಎರಡು ಸಲ ರೆಫರೆನ್ಸ್ ಕೇಳಿದರೆ ಎರಡು ಸಾಲು, ಎರಡು ಸಂಖ್ಯೆ. ಆಬ್ಜೆಕ್ಟ್ ಒಂದೇ, ಸಂಖ್ಯೆ ಬೇರೆ. ಹ್ಯಾಶ್ ಮ್ಯಾಪ್‌ಗೆ ಕೀ ಆಗಿ ಜೆಆಬ್ಜೆಕ್ಟ್ ಇಟ್ಟ ಕೋಡನ್ನೂ ನಾನು ನೋಡಿದ್ದೇನೆ. ಅದರ ಕಥೆ ಇನ್ನೊಮ್ಮೆ.

2014ರಲ್ಲಿ ಆಂಡ್ರಾಯ್ಡ್ 5.0 ಜೊತೆ ಡಾಲ್ವಿಕ್ ಹೋಗಿ ಎಆರ್‌ಟಿ ಅನ್ನೋ ಹೊಸ ವಿಎಂ ಬಂತು, ಆಬ್ಜೆಕ್ಟ್‌ಗಳನ್ನು ಜರುಗಿಸುವ ಜಿಸಿಯೂ ಬಂತು. 2017ರ 8.0ರಲ್ಲಿ ಆ್ಯಪ್ ಓಡುತ್ತಿರುವಾಗಲೇ ಆಬ್ಜೆಕ್ಟ್‌ಗಳನ್ನು ಸಾಗಿಸುವ ಜಿಸಿ ಬಂತು. 2011ರಲ್ಲಿ ಟಾರ್ಗೆಟ್ 14ಕ್ಕೆ ಬೈದುಕೊಂಡವರ ಕೋಡ್ ಅಷ್ಟರಲ್ಲಿ ಸರಿಯಾಗಿತ್ತು. ವಿಎಂ ಮಾಡುವವರು ಅಗತ್ಯ ಬೀಳುವ ಮೊದಲೇ ಬಾಗಿಲು ಹಾಕಿದ್ದು ಜಾಣತನ ಅನ್ನೋದು ನನ್ನ ಅಭಿಪ್ರಾಯ. ಜಿಸಿ ಬದಲಾವಣೆ ಮತ್ತು ಈ ನಿಯಮ ಎರಡೂ ಒಂದೇ ದಿನ ಬಂದಿದ್ದರೆ ಯಾವ ಕ್ರ್ಯಾಶ್ ಯಾರ ತಪ್ಪು ಅಂತ ಹೇಳುವುದೇ ಕಷ್ಟವಾಗುತ್ತಿತ್ತು.

ಬೇರೆ ಮನೆಗಳಲ್ಲಿ

ನೇರ ವಿಳಾಸ ಕೊಟ್ಟ ಆ ಸಾಲವನ್ನು ಪೈಥಾನ್ ಭಾಷೆ ಇನ್ನೂ ತೀರಿಸುತ್ತಿದೆ. ಅದರ ಮುಖ್ಯ ರೂಪವಾದ ಸಿಪೈಥಾನ್‌ನ ಸಿ ಎಕ್ಸ್‌ಟೆನ್ಶನ್‌ಗಳಿಗೆ (ಸಿಯಲ್ಲಿ ಬರೆದ ಸೇರ್ಪಡೆಗಳಿಗೆ) ಸಿಗುವುದು ಆಬ್ಜೆಕ್ಟಿನ ನೇರ ಪಾಯಿಂಟರ್, ಜೊತೆಗೆ ಅದನ್ನು ಎಷ್ಟು ಕಡೆ ಹಿಡಿದಿದ್ದಾರೆ ಅನ್ನೋ ಎಣಿಕೆ ನೋಡಿಕೊಳ್ಳುವ ಹೊಣೆ. ಪಟ್ಟಿಯಿಂದ ಒಂದು ಐಟಂ ಕೇಳಿದರೆ ಎಣಿಕೆ ಏರಿಸದೆ ಎರವಲು ಕೊಡುವ ಫಂಕ್ಷನ್ ಇದೆ. ಒಂದು ಸಲಕ್ಕೆ ಒಂದೇ ಥ್ರೆಡ್ ಓಡಲು ಬಿಡುವ ಜಿಐಎಲ್ ಅನ್ನೋ ಬೀಗ ಇರುವವರೆಗೆ ಅದರಿಂದ ಹೇಗೋ ನಡೆಯುತ್ತಿತ್ತು. ಜಿಐಎಲ್ ತೆಗೆಯುವ ಪ್ರಯತ್ನ ಶುರುವಾದ ಮೇಲೆ, ನಾವು ಎರವಲು ಪಡೆದ ಕ್ಷಣಕ್ಕೂ ಬಳಸುವ ಕ್ಷಣಕ್ಕೂ ನಡುವೆ ಇನ್ನೊಂದು ಥ್ರೆಡ್ ಅದನ್ನು ಪಟ್ಟಿಯಿಂದ ಕಿತ್ತುಹಾಕಬಹುದು. ಅದಕ್ಕೇ 3.13ರಲ್ಲಿ ಸ್ವಂತದ ರೆಫರೆನ್ಸನ್ನೇ ಕೊಡುವ ಇನ್ನೊಂದು ಫಂಕ್ಷನ್ ಸೇರಿಸಿದರು. ರೂಬಿಯಲ್ಲೂ ನೇರ ಪಾಯಿಂಟರೇ. 2019ರ ಕೊನೆಗೆ 2.7ರಲ್ಲಿ ಹೀಪ್ ಒತ್ತಾಗಿ ಜೋಡಿಸುವ ಸೌಲಭ್ಯ ಬಂದಾಗ, ಹಳೇ ಎಕ್ಸ್‌ಟೆನ್ಶನ್‌ಗಳು ಗುರುತು ಹಾಕಿದ ಆಬ್ಜೆಕ್ಟ್‌ಗಳನ್ನೆಲ್ಲ ಮೊಳೆ ಹೊಡೆದಂತೆ ಅಲ್ಲೇ ಬಿಡಬೇಕಾಯಿತು. ಜರುಗಿಸಿದರೆ ಪರವಾಗಿಲ್ಲ ಅಂತ ಎಕ್ಸ್‌ಟೆನ್ಶನ್ ಬರೆದವರೇ ಹೇಳಬೇಕು.

ನನಗೆ ಎಲ್ಲಕ್ಕಿಂತ ಹಿಡಿಸುವುದು ಲೂವಾ. ಬ್ರೆಜಿಲ್‌ನ ರಿಯೊದಲ್ಲಿ 1993ರಲ್ಲಿ ಹುಟ್ಟಿದ ಈ ಚಿಕ್ಕ ಭಾಷೆಯ ಸಿ ಇಂಟರ್ಫೇಸ್‌ನಲ್ಲಿ ಟೇಬಲ್ ಅಥವಾ ಸ್ಟ್ರಿಂಗ್ ಆಬ್ಜೆಕ್ಟಿಗೆ ಅಂತ ಒಂದು ಸಿ ಟೈಪೇ ಇಲ್ಲ. ಎಲ್ಲ ನಡೆಯುವುದು ಒಂದು ಸ್ಟ್ಯಾಕಿನ ಮೇಲೆ, "ಮೇಲಿನಿಂದ ಎರಡನೆಯದನ್ನು ತೆಗೆ" ಅಂತ ಸಂಖ್ಯೆಯಲ್ಲಿ. ಜಾಸ್ತಿ ದಿನ ಇಟ್ಟುಕೊಳ್ಳಬೇಕಿದ್ದರೆ ರಿಜಿಸ್ಟ್ರಿಯಲ್ಲಿಟ್ಟು ಒಂದು ಪೂರ್ಣಾಂಕ ಪಡೆಯಿರಿ. ತಪ್ಪು ಮಾಡುವುದಕ್ಕೆ ಕೈಗೆ ಏನೂ ಸಿಗುವುದಿಲ್ಲ. ಬರೆಯುವಾಗ ಕಿರಿಕಿರಿ ಅನ್ನೋದು ನಿಜ, ಸ್ಟ್ಯಾಕಿನಲ್ಲಿ ಯಾವುದು ಎಲ್ಲಿದೆ ಅಂತ ಬೆರಳು ಮಡಿಚುತ್ತಾ ಕೂರಬೇಕು.

ಕೊಟ್ಟು ಮರೆತ ಗ್ಲೋಬಲ್‌ಗಳು

ಲೋಕಲ್‌ಗಳ ತಪ್ಪು ಬೇಗ ಕಾಣುತ್ತದೆ. ಗ್ಲೋಬಲ್‌ಗಳದ್ದು ಹಾಗಲ್ಲ. ಗ್ಲೋಬಲ್ ರೆಫರೆನ್ಸ್ ನಾವೇ ಡಿಲೀಟ್ ಮಾಡುವವರೆಗೆ ಇರುತ್ತದೆ. ಎಆರ್‌ಟಿ ಇದಕ್ಕೆ 51,200ರ ಮಿತಿ ಇಟ್ಟಿದೆ, ಅಲ್ಲಿಗೆ ಮುಟ್ಟುವಷ್ಟರಲ್ಲಿ ಬಳಕೆದಾರ ಆ್ಯಪ್ ಬೈದು ಮುಚ್ಚಿರುತ್ತಾನೆ. ಮರೆವಿಗಿಂತ ಕೆಟ್ಟದ್ದು ಸುತ್ತು. ಜಾವಾ ಆಬ್ಜೆಕ್ಟ್ ಒಂದು ಲಾಂಗ್ ಫೀಲ್ಡ್‌ನಲ್ಲಿ ಸಿ++ ಆಬ್ಜೆಕ್ಟಿನ ವಿಳಾಸ ಇಟ್ಟುಕೊಂಡಿರುತ್ತದೆ. ಸಿ++ ಆಬ್ಜೆಕ್ಟ್ ಒಂದು ಗ್ಲೋಬಲ್ ರೆಫರೆನ್ಸಿನಲ್ಲಿ ಜಾವಾ ಲಿಸನರ್ (ಸುದ್ದಿ ಇದ್ದಾಗ ಕರೆಯಬೇಕಾದ ಆಬ್ಜೆಕ್ಟ್) ಇಟ್ಟುಕೊಂಡಿರುತ್ತದೆ. ಆ ಲಿಸನರ್ ಮತ್ತೆ ಮೊದಲನೇ ಜಾವಾ ಆಬ್ಜೆಕ್ಟನ್ನು ಹಿಡಿದಿರುತ್ತದೆ. ಜಾವಾ ಒಳಗೇ ಇದ್ದಿದ್ದರೆ ಇಂಥ ಸುತ್ತನ್ನು ಜಿಸಿ ಒಂದೇ ಏಟಿಗೆ ಗುಡಿಸುತ್ತಿತ್ತು. ಇಲ್ಲಿ ಸುತ್ತಿನ ಒಂದು ಕೊಂಡಿ ಅದಕ್ಕೆ ಬರೀ ಸಂಖ್ಯೆ, ಇನ್ನೊಂದು ಕೊಂಡಿ ಬಿಡಬಾರದ ಬೇರು. ಇಬ್ಬರೂ ಒಬ್ಬರನ್ನೊಬ್ಬರು ಕಾಯುತ್ತಾ ಆ್ಯಪ್ ಸಾಯುವವರೆಗೆ ಇರುತ್ತಾರೆ.

ವೀಕ್ ಗ್ಲೋಬಲ್ ಇರುವುದು ಇದಕ್ಕೇ. ಆದರೆ ಅದನ್ನು ನಲ್ ಜೊತೆ ಹೋಲಿಸಿ ನೋಡಿ, ಮುಂದಿನ ಸಾಲಿನಲ್ಲಿ ಬಳಸಿದರೆ ಆಗದು. ನೋಡಿದ ಮೇಲೆ, ಬಳಸುವ ಮುಂಚೆ ಜಿಸಿ ಬಂದುಹೋಗಬಹುದು. ಮೊದಲು ನ್ಯೂಲೋಕಲ್‌ರೆಫ್ ಮಾಡಿ ಗಟ್ಟಿ ಹಿಡಿದುಕೊಳ್ಳಬೇಕು, ಬಂದದ್ದು ನಲ್ ಅಲ್ಲ ಅಂತ ನೋಡಬೇಕು, ಆಮೇಲೆ ಬಳಸಬೇಕು. ಸಿ++ನಲ್ಲಿ ನಾವೇ ಸೃಷ್ಟಿಸಿದ ಥ್ರೆಡ್‌ಗಳಲ್ಲಿ ಇನ್ನೂ ಒಂದು ಕಾಟ. ವಿಎಂಗೆ ಅಟ್ಯಾಚ್ ಮಾಡಿದ ಥ್ರೆಡ್ ಯಾವ ಜಾವಾ ಮೆಥಡ್‌ಗೂ ಮರಳುವುದಿಲ್ಲ, ಹಾಗಾಗಿ ಅದರ ಲೋಕಲ್‌ಗಳು ಡಿಟ್ಯಾಚ್ ಆಗುವವರೆಗೂ ಹಾಗೇ. ದಿನವಿಡೀ ಓಡುವ ಡೌನ್‌ಲೋಡ್ ಥ್ರೆಡ್‌ಗೆ ಇದು ಲೋಕಲ್ ಹೆಸರಿನ ಗ್ಲೋಬಲ್. ಪ್ರತಿ ಕೆಲಸದ ಸುತ್ತ ಪುಶ್‌ಲೋಕಲ್‌ಫ್ರೇಮ್, ಪಾಪ್‌ಲೋಕಲ್‌ಫ್ರೇಮ್ ಹಾಕಿದರೆ ತಲೆನೋವು ಹೋಗುತ್ತದೆ.

ಹಿಡಿಕೆಯ ಶಿಸ್ತು ಮೀರಿ ನೇರ ವಿಳಾಸವೇ ಬೇಕು ಅನ್ನುವ ಜಾಗವನ್ನೂ ಜೆಎನ್‌ಐ ಬಿಟ್ಟಿದೆ. ದೊಡ್ಡ ಚಿತ್ರದ ಬೈಟ್ ಅರೇಯನ್ನು ಪ್ರತಿ ಸಲ ಕಾಪಿ ಮಾಡುವುದು ಯಾರಿಗೂ ಇಷ್ಟವಿಲ್ಲ. ಅದಕ್ಕೆ ಗೆಟ್‌ಪ್ರಿಮಿಟಿವ್‌ಅರೇಕ್ರಿಟಿಕಲ್ ಇದೆ: ವಿಳಾಸ ಕೊಡುತ್ತೇನೆ, ಬೇಗ ಮುಗಿಸು, ನಡುವೆ ಬೇರೆ ಜೆಎನ್‌ಐ ಕರೆ ಮಾಡಬೇಡ, ಎಲ್ಲೂ ಕಾಯುತ್ತಾ ನಿಲ್ಲಬೇಡ. ಹಾಟ್‌ಸ್ಪಾಟ್‌ನ ಜಿ1 ಎಂಬ ಜಿಸಿಯಲ್ಲಿ ಒಂದು ಥ್ರೆಡ್ ಹೀಗೆ ವಿಳಾಸ ಹಿಡಿದು ಕೂತರೆ ಜಿಸಿ ಶುರುವಾಗುತ್ತಲೇ ಇರಲಿಲ್ಲ. ಮೆಮೊರಿ ಬೇಕಾದ ಥ್ರೆಡ್‌ಗಳೆಲ್ಲ ಆ ಒಬ್ಬರಿಗಾಗಿ ಕಾಯಬೇಕಿತ್ತು. ಇದು ಬಗೆಹರಿದದ್ದು 2024ರಲ್ಲಿ, ಜೆಡಿಕೆ 22ರಲ್ಲಿ. ಈಗ ಜಿ1 ಆ ಅರೇ ಇರುವ ರೀಜನ್ನನ್ನು (ಹೀಪ್‌ನ ತುಂಡನ್ನು) ಮಾತ್ರ ಅಲ್ಲಾಡಿಸದೆ ಬಿಟ್ಟು ಉಳಿದ ಕಡೆ ತನ್ನ ಕೆಲಸ ಮಾಡಿಕೊಳ್ಳುತ್ತದೆ. ಅದೇ ಜೆಡಿಕೆ 22ರಲ್ಲಿ ಜೆಎನ್‌ಐಗೆ ಬದಲಿಯಾಗಿ ಬಂದ ಹೊಸ ಫಾರಿನ್ ಫಂಕ್ಷನ್ ಇಂಟರ್ಫೇಸ್ ಕೂಡ ಪೂರ್ಣಗೊಂಡಿತು. ಅದು ನೇಟಿವ್ ಕಡೆಗೆ ಜಾವಾ ಆಬ್ಜೆಕ್ಟ್ ರೆಫರೆನ್ಸ್ ಕೊಡುವ ಗೋಜಿಗೇ ಹೋಗುವುದಿಲ್ಲ, ಮೆಮೊರಿ ತುಂಡು ಮತ್ತು ಫಂಕ್ಷನ್ ವಿಳಾಸ ಅಷ್ಟೇ.

ನನ್ನ ಕೆಲಸ ಆಂಡ್ರಾಯ್ಡ್‌ನಲ್ಲಿ, ಹಾಗಾಗಿ ಇವತ್ತಿಗೂ ಜೆಎನ್‌ಐಯೇ. ಆ ಎಂಜಿನ್ನಿನಿಂದ ಕ್ರಿಟಿಕಲ್ ಕರೆಗಳನ್ನೆಲ್ಲ ತೆಗೆದು ಗೆಟ್‌ಬೈಟ್‌ಅರೇರೀಜನ್ ಹಾಕಿದ್ದೇವೆ. ಅದು ನಮ್ಮ ಬಫರಿಗೆ ಕಾಪಿ ಮಾಡಿಕೊಡುತ್ತದೆ, ವಾಪಸ್ ಕೊಡುವ ಕೆಲಸವೇ ಇಲ್ಲ. ಪದಗಳ ಅರೇಯೂ ಹೋಯಿತು. ಜಾವಾ ಕಡೆಯಲ್ಲೇ ಎಲ್ಲ ಪದಗಳನ್ನು ಒಂದು ಬೈಟ್ ಅರೇಗೆ ಸುರಿದು ಒಂದೇ ಕರೆಯಲ್ಲಿ ಕಳಿಸುತ್ತೇವೆ. ಇಡೀ ನಿಘಂಟಿಗೆ ಈಗ ಒಂದೇ ಒಂದು ಲೋಕಲ್ ರೆಫರೆನ್ಸ್.